ಕಟಿಂಗ್ ಲಿಸ್ಟ್ ಹಾಕಿದರೆ ಬಿಲ್ ನಿಲ್ಲುತ್ತಿತ್ತು: ಮಾವನ ಅಂಗಡಿಯ ಸರ್ವರ್‌ಗೆ ವರ್ಕರ್ ಪೂಲ್ ಕೂರಿಸಿದ ಲಾಗ್

ಶನಿವಾರ ಮಧ್ಯಾಹ್ನ 12ರ ಸುಮಾರಿಗೆ ಮಾವನ ಫೋನ್ ಬಂತು. "ಅಳ್ಯಾ, ನಿನ್ನ ಕಂಪ್ಯೂಟರ್ ಮತ್ತ ಕುಂತೈತಿ ನೋಡು. ಚಕ್ರ ತಿರಗಾಕತ್ತೈತಿ, ಬಿಲ್ ಬರವಲ್ದು. ಎದುರಿಗೆ ಆರು ಮಂದಿ ನಿಂತಾರ."

ನಾನು ಧಾರವಾಡದಲ್ಲಿದ್ದೆ. "ಎರಡ್ ನಿಮಿಷ ತಡೀರಿ ಮಾವಾ, ತಾನ ಬರ್ತದ" ಎಂದೆ. ಬಂತು ಕೂಡ. ತೊಂದರೆ ಇದ್ದದ್ದೇ ಅಲ್ಲಿ. ತಾನಾಗಿಯೇ ಸರಿಹೋಗುತ್ತಿತ್ತು, ಹಾಗಾಗಿ ಎರಡು ತಿಂಗಳಿಂದ ನಾನು ಅದರ ಹತ್ತಿರ ಸುಳಿದಿರಲಿಲ್ಲ. ಅವತ್ತು ಮಾತ್ರ ಆರರಲ್ಲಿ ಇಬ್ಬರು ಮೇಸ್ತ್ರಿಗಳು ಬೇಸರಪಟ್ಟು ಬೇರೆ ಅಂಗಡಿಗೆ ಹೋದರಂತೆ. ಮರುದಿನ ಬೆಳಿಗ್ಗೆಯೇ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೊರಟೆ.

ಮಾವನದು ಗೋಕುಲ ರಸ್ತೆಯಲ್ಲಿ ಪ್ಲೈವುಡ್ ಅಂಗಡಿ. ಮುಂದೆ ಕೌಂಟರ್, ಹಿಂದೆ ಗೋಡೌನ್, ಗೋಡೌನ್‌ನಲ್ಲಿ ಒಂದು ಗರಗಸದ ಮಷಿನ್. ಮೇಸ್ತ್ರಿಗಳು ಬೇಕಾದ ತುಂಡುಗಳ ಅಳತೆಯನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಕೌಂಟರ್ ಹುಡುಗ ಅದನ್ನು ಟೈಪ್ ಮಾಡುತ್ತಾನೆ. ಯಾವ ತುಂಡನ್ನು ಯಾವ ಶೀಟಿನಲ್ಲಿ ಹೇಗೆ ಕೊಯ್ದರೆ ವೇಸ್ಟ್ ಕಡಿಮೆ ಅಂತ ನನ್ನ ಪ್ರೋಗ್ರಾಂ ಚಿತ್ರ ಬರೆದು ಕೊಡುತ್ತದೆ. ಬಿಲ್ಲಿಂಗ್ ಕೂಡ ಅದೇ ಪ್ರೋಗ್ರಾಂನಲ್ಲಿ. ಎರಡೂ ಒಂದೇ ನೋಡ್ (Node.js, ಸರ್ವರ್ ಮೇಲೆ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಪ್ರೊಸೆಸ್ ಒಳಗೆ, ಕೌಂಟರ್ ಕೆಳಗಿರುವ 4 ಕೋರಿನ ಹಳೇ ಡೆಸ್ಕ್‌ಟಾಪ್ ಮೇಲೆ. ಅದರಲ್ಲಿ ಇನ್ನೂ ವಿಂಡೋಸ್ 7 ಇದೆ, ನಗಬೇಡಿ. ಬಿಲ್ ಪ್ರಿಂಟರ್‌ನ ಡ್ರೈವರ್ ಅದರ ಮೇಲಷ್ಟೇ ಕೆಲಸ ಮಾಡುತ್ತದೆ, ಪ್ರಿಂಟರ್ ಬದಲಿಸಲು ಮಾವ ಒಪ್ಪುವುದಿಲ್ಲ. ಹೊರಗಿನ ಇಂಟರ್‌ನೆಟ್‌ಗೆ ಅದನ್ನು ಜೋಡಿಸಿಲ್ಲ ಅನ್ನುವುದೊಂದೇ ಸಮಾಧಾನ.

ಲೆಕ್ಕ ಯಾಕೆ ಭಾರ ಅಂತ ಹೇಳಬೇಕು. ಶೀಟ್ 8 ಬೈ 4 ಅಡಿ, ಅಂದರೆ 2440 ಬೈ 1220 ಎಂಎಂ. ಬ್ಲೇಡ್ ತಿನ್ನುವ ಮರ ಪ್ರತಿ ಕಟ್‌ಗೆ ಸುಮಾರು 3 ಎಂಎಂ. ಮಷಿನ್ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಪೂರ್ತಿ ಸೀಳುತ್ತದೆ, ನಡುವೆ ನಿಲ್ಲಿಸಿ ಮೂಲೆ ತಿರುಗಿಸಲು ಬರುವುದಿಲ್ಲ. ಸನ್‌ಮೈಕಾದ ಗೆರೆ ಉದ್ದಕ್ಕೇ ಬರಬೇಕಾದ ತುಂಡುಗಳನ್ನು ಅಡ್ಡ ಹಾಕುವಂತಿಲ್ಲ. ಇಷ್ಟೆಲ್ಲ ಕಟ್ಟುಪಾಡಿನೊಳಗೆ ತುಂಡುಗಳನ್ನು ಯಾವ ಕ್ರಮದಲ್ಲಿ ಇಡಬೇಕು? 10 ತುಂಡು ಇದ್ದರೇ 36,28,800 ಕ್ರಮಗಳು. ಎಲ್ಲವನ್ನೂ ನೋಡಲು ಆಗದು. ಅದಕ್ಕೆ ಒಂದು ಕ್ರಮ ಹಿಡಿದು, ಎರಡು ತುಂಡು ಅದಲುಬದಲು ಮಾಡಿ, ಚೆನ್ನಾಗಿ ಬಂದರೆ ಇಟ್ಟುಕೊಂಡು, ಇಲ್ಲವಾದರೆ ಬಿಟ್ಟು, ಹೀಗೆ 20,000 ಸಲ ಪ್ರಯತ್ನ ಮಾಡುತ್ತದೆ ನನ್ನ ಕೋಡ್. 8-10 ತುಂಡಿನ ಲಿಸ್ಟ್‌ಗೆ ಅರ್ಧ ಸೆಕೆಂಡೂ ಬೇಡ. ಆ ಶನಿವಾರ ಬಂದದ್ದು ಒಂದು ಮನೆಯ ಅಡುಗೆಮನೆ, ಎರಡು ವಾರ್ಡ್‌ರೋಬ್ ಸೇರಿ 140 ತುಂಡಿನ ಲಿಸ್ಟ್.

ರವಿವಾರ ಅಂಗಡಿ ಅರ್ಧ ಬಾಗಿಲು. ಮೊದಲು ರೋಗ ಕಣ್ಣಿಗೆ ಕಾಣಬೇಕು. ಸರ್ವರ್ ಕೋಡಿನ ತುದಿಗೆ ಒಂದು ಸೆಟ್‌ಇಂಟರ್ವಲ್ ಹಾಕಿ, ಪ್ರತಿ ಸೆಕೆಂಡಿಗೆ ಗಂಟೆ-ನಿಮಿಷ-ಸೆಕೆಂಡ್ ಬರೆಯಿಸಿದೆ. ಕಪ್ಪು ಪರದೆ ಮೇಲೆ 10:41:07, 10:41:08, 10:41:09 ಅಂತ ಸಾಲು ಇಳಿಯುತ್ತಿತ್ತು. ಅದೇ 140 ತುಂಡಿನ ಲಿಸ್ಟ್ ಹಾಕಿ ಬಟನ್ ಒತ್ತಿದೆ. 10:41:12ಕ್ಕೆ ಸಾಲು ನಿಂತಿತು. ಮುಂದಿನ ಸಾಲು 10:41:50. ನಡುವಿನ 38 ಸೆಕೆಂಡ್ ಆ ಸರ್ವರ್ ಪಾಲಿಗೆ ಇರಲೇ ಇಲ್ಲ.

ಕಾರಣ ಗುಟ್ಟಿನದೇನಲ್ಲ. ನೋಡ್‌ನಲ್ಲಿ ನಾವು ಬರೆದ ಜಾವಾಸ್ಕ್ರಿಪ್ಟ್ ಓಡುವುದು ಒಂದೇ ಥ್ರೆಡ್ ಮೇಲೆ, ಅಂದರೆ ಒಂದಾದ ಮೇಲೊಂದು ಕೆಲಸ ಮಾಡುವ ಒಂದೇ ಸಾಲಿನಲ್ಲಿ. ಈವೆಂಟ್ ಲೂಪ್ ಅನ್ನುವವನು ಕೌಂಟರ್‌ನಲ್ಲಿ ಕೂತ ಒಬ್ಬನೇ ಮನುಷ್ಯ. ಫೈಲ್ ಓದು, ಡೇಟಾಬೇಸ್‌ಗೆ ಕೇಳು ಅನ್ನುವಂಥ ಕೆಲಸ ಬಂದರೆ ಬೇರೆಯವರಿಗೆ ಹೇಳಿ, ಅವರು ಮುಗಿಸುವ ತನಕ ಮುಂದಿನ ಗಿರಾಕಿಯನ್ನು ಮಾತಾಡಿಸುತ್ತಾನೆ. ಆದರೆ ಲೆಕ್ಕ ಮಾಡು ಅಂದರೆ ತಾನೇ ಎದ್ದು ಗೋಡೌನ್‌ಗೆ ಹೋಗಿ ಗರಗಸ ಹಿಡಿಯುತ್ತಾನೆ. 38 ಸೆಕೆಂಡ್ ಕೌಂಟರ್ ಖಾಲಿ. ಮಾವನಿಗೆ ಹೀಗೇ ಹೇಳಿದೆ. ಅವರು ನಕ್ಕರು. ಅಂಗಡಿ ಶುರು ಮಾಡಿದ ಹೊಸದರಲ್ಲಿ ಅವರೂ ಹಾಗೇ ಮಾಡುತ್ತಿದ್ದರಂತೆ: ಬಿಲ್ ಬರೆಯೋದು, ಓಡಿಹೋಗಿ ಕೊಯ್ಯೋದು.

ಇನ್ನು ನನ್ನ ದಡ್ಡತನಗಳು. ಬಚ್ಚಿಡಲ್ಲ.

ಮೊದಲನೆಯದು, ಫಂಕ್ಷನ್ ಮುಂದೆ ಅಸಿಂಕ್ ಅಂತ ಬರೆದು ಕರೆಯುವ ಜಾಗದಲ್ಲಿ ಅವೇಟ್ ಹಾಕಿದೆ. ಗಡಿಯಾರ ಮತ್ತೆ 38 ಸೆಕೆಂಡ್ ನಿಂತಿತು. ಅಸಿಂಕ್ ಅಂತ ಬರೆದ ಮಾತ್ರಕ್ಕೆ ಕೆಲಸ ಬೇರೆ ಥ್ರೆಡ್‌ಗೆ ಹೋಗಲ್ಲ. ಕಾಯಬೇಕಾದದ್ದು ಏನಾದರೂ ಒಳಗಿದ್ದರೆ ಮಾತ್ರ ಆ ಹೊತ್ತು ಬೇರೆಯವರಿಗೆ ಸಿಗುತ್ತದೆ. ನನ್ನ ಲೂಪ್‌ನಲ್ಲಿ ಕಾಯುವುದು ಅಂತಲೇ ಇರಲಿಲ್ಲ, ಬರೀ ದುಡಿತ.

ಎರಡನೆಯದು ಸ್ವಲ್ಪ ಓದಿಕೊಂಡವರು ಮಾಡುವ ತಪ್ಪು. ನೋಡ್ ಒಳಗೆ ಲಿಬ್‌ಯುವಿ ಅನ್ನುವ ಲೈಬ್ರರಿ ಇದೆ, ಅದಕ್ಕೆ ತನ್ನದೇ ಥ್ರೆಡ್ ಪೂಲ್ ಇದೆ, ಸುಮ್ನೆ ಬಿಟ್ಟರೆ ಅದರಲ್ಲಿ 4 ಥ್ರೆಡ್. ಯುವಿ ಥ್ರೆಡ್‌ಪೂಲ್ ಸೈಜ್ ಅನ್ನುವ ಎನ್ವಿರಾನ್ಮೆಂಟ್ ವೇರಿಯಬಲ್‌ನಿಂದ ಅದನ್ನು 16 ಮಾಡಿದೆ. ಏನೂ ಆಗಲಿಲ್ಲ, ಆಗಬಾರದು ಕೂಡ. ಆ ಪೂಲ್ ಫೈಲ್ ಕೆಲಸಕ್ಕೆ, ಹೋಸ್ಟ್ ಹೆಸರು ಹುಡುಕಲಿಕ್ಕೆ, ಜಿಪ್ ಮಾಡಲಿಕ್ಕೆ, ಪಾಸ್‌ವರ್ಡ್ ಹ್ಯಾಶ್‌ನಂಥ ಕೆಲವು ಕ್ರಿಪ್ಟೋ ಕೆಲಸಕ್ಕೆ. ನಾವು ಬರೆದ ಜಾವಾಸ್ಕ್ರಿಪ್ಟ್‌ಗೆ ಅಲ್ಲಿ ಜಾಗವಿಲ್ಲ.

ಮೂರನೆಯದನ್ನು ತಪ್ಪು ಅನ್ನಲ್ಲ, ಅರ್ಧ ಮದ್ದು ಅನ್ನಬಹುದು. ಪ್ರತಿ 200 ಪ್ರಯತ್ನಕ್ಕೊಮ್ಮೆ ಸೆಟ್‌ಇಮಿಡಿಯೇಟ್ ಕರೆದು ಉಸಿರು ಬಿಡುವಂತೆ ಮಾಡಿದೆ. ಗಡಿಯಾರ ಓಡಿತು, ಬಿಲ್ ಬಂತು. ಆದರೆ ಎರಡು ದೊಡ್ಡ ಲಿಸ್ಟ್ ಒಟ್ಟಿಗೆ ಹಾಕಿದರೆ ಎರಡಕ್ಕೂ ದುಪ್ಪಟ್ಟು ಹೊತ್ತು. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ಸಿಪಿಯು 25% ಹತ್ತಿರವೇ ಕದಲದೆ ನಿಂತಿದೆ. ನಾಲ್ಕು ಕೋರ್‌ನಲ್ಲಿ ಒಂದು ಬೆವರು ಸುರಿಸುತ್ತಿದೆ, ಮೂರು ಚಹಾ ಕುಡಿಯುತ್ತಾ ಕೂತಿವೆ. ಸಣ್ಣ ಅಂಗಡಿಗೆ ಇಷ್ಟು ಸಾಕಿತ್ತೋ ಏನೋ. ಆದರೆ ಆ 25 ನೋಡಿದ ಮೇಲೆ ಸುಮ್ಮನಿರಲು ಮನಸ್ಸಾಗಲಿಲ್ಲ.

ಹಾಗೆ ಬಂದದ್ದು ವರ್ಕರ್ ಥ್ರೆಡ್ಸ್‌ಗೆ, ಅಂದರೆ ನಮ್ಮ ಜಾವಾಸ್ಕ್ರಿಪ್ಟನ್ನೇ ಬೇರೆ ಥ್ರೆಡ್ ಮೇಲೆ ಓಡಿಸುವ ನೋಡ್‌ನ ಸೌಲಭ್ಯಕ್ಕೆ. ನೋಡ್ 2009ರಲ್ಲಿ ಬಂದಾಗ ಇದು ಇರಲಿಲ್ಲ. 2018ರಲ್ಲಿ ನೋಡ್ 10.5 ವರ್ಷನ್‌ನಲ್ಲಿ ಪ್ರಯೋಗಕ್ಕೆ ಅಂತ ಬಂತು, 2019ರಲ್ಲಿ 12ರ ಸರಣಿಯಲ್ಲಿ ಪಕ್ಕಾ ಆಯಿತು. ನನ್ನ ಪುಣ್ಯ, ವಿಂಡೋಸ್ 7 ಮೇಲೆ ಓಡುವ ಕೊನೆಯ ಸರಣಿ 13. ಕೂದಲೆಳೆಯಲ್ಲಿ ಪಾರು.

ಪ್ರತಿ ವರ್ಕರ್‌ಗೂ ಬೇರೆ ವಿ8 (ಜಾವಾಸ್ಕ್ರಿಪ್ಟ್ ಓಡಿಸುವ ಎಂಜಿನ್), ಬೇರೆ ಹೀಪ್ (ಡೇಟಾ ಇಡುವ ಮೆಮೊರಿ), ಬೇರೆ ಈವೆಂಟ್ ಲೂಪ್. ಇವರ ವೇರಿಯಬಲ್ ಅವರಿಗೆ ಕಾಣಲ್ಲ, ಮಾತೇನಿದ್ದರೂ ಮೆಸೇಜ್ ಮೂಲಕ. ಲೆಕ್ಕದ ಕೋಡನ್ನು ಬೇರೆ ಫೈಲ್‌ಗೆ ಎತ್ತಿಟ್ಟು, ಲಿಸ್ಟ್ ಬಂದಾಗಲೆಲ್ಲ ಒಂದು ಹೊಸ ವರ್ಕರ್ ಹುಟ್ಟಿಸಿ, ಉತ್ತರ ಬಂದ ಮೇಲೆ ಮುಗಿಸಿದೆ. ಮೊದಲ ಏಟಿಗೇ ಪೆಟ್ಟು: ತುಂಡಿಗೆ ವಿಸ್ತೀರ್ಣ ಹೇಳುವ ಮೆಥಡ್ ಇದ್ದ ಕ್ಲಾಸ್ ಮಾಡಿಕೊಂಡಿದ್ದೆ. ವರ್ಕರ್ ಕಡೆ ಅದು ಬರೀ ಉದ್ದ-ಅಗಲದ ಆಬ್ಜೆಕ್ಟ್ ಆಗಿ ತಲುಪಿತು, ಮೆಥಡ್ ಮಾಯ. ಪೋಸ್ಟ್‌ಮೆಸೇಜ್ ನಕಲು ಮಾಡುವುದು ಡೇಟಾವನ್ನು ಮಾತ್ರ, ಕ್ಲಾಸಿನ ಕುಲಗೋತ್ರವನ್ನಲ್ಲ. ಫಂಕ್ಷನ್ ಕಳಿಸಲು ಹೋದರಂತೂ ನೇರ ಎರರ್. ಹೋಗಲಿ, ಬರೀ ಸಂಖ್ಯೆ ಕಳಿಸುವುದೇ ಒಳ್ಳೆಯದು ಅಂತ ಬದಲಿಸಿದೆ.

ಆಮೇಲೆ ಕಂಡದ್ದು, 6 ತುಂಡಿನ ಪುಟ್ಟ ಲಿಸ್ಟ್ ಮೊದಲಿಗಿಂತ ನಿಧಾನ. ಅಳೆದು ನೋಡಿದರೆ ವರ್ಕರ್ ಏಳುವುದಕ್ಕೇ ಸುಮಾರು ಅರ್ಧ ಸೆಕೆಂಡ್ ಹೋಗುತ್ತಿತ್ತು. ಇಷ್ಟು ಯಾಕೆ? ಲೆಕ್ಕದ ಫೈಲ್ ಮೇಲೆ ಹಳೇ ಅಭ್ಯಾಸದಂತೆ ನನ್ನ ಕಾಮನ್ ಫೈಲ್ ಕರೆದಿದ್ದೆ. ಅದು ಡೇಟಾಬೇಸ್ ತೆರೆದು, ಪ್ರಿಂಟರ್ ಲೈಬ್ರರಿ ಎಳೆದು, ಪೂರ್ತಿ ಸಂಸಾರ ಹೊತ್ತು ತರುತ್ತಿತ್ತು. ಪ್ರತಿ ವರ್ಕರ್‌ಗೂ ಒಂದು ಡೇಟಾಬೇಸ್ ಕನೆಕ್ಷನ್! ಅದನ್ನು ಕಿತ್ತು ಹಾಕಿದ ಮೇಲೆ 50 ಮಿಲಿಸೆಕೆಂಡ್ ಆಸುಪಾಸಿಗೆ ಇಳಿಯಿತು. ಆದರೂ ಹೊಸ ವರ್ಕರ್ ಅಂದರೆ ಕೋಡ್ ಮತ್ತೆ ಮೊದಲಿಂದ ಕಂಪೈಲ್. ಒಂದೇ ಫಂಕ್ಷನ್ ಪದೇ ಪದೇ ಓಡಿದಾಗ ವಿ8 ಅದನ್ನು ಚುರುಕು ಮಾಡಿಕೊಳ್ಳುತ್ತದಲ್ಲ, ಆ ಚುರುಕು ವರ್ಕರ್ ಜೊತೆಗೇ ಸಾಯುತ್ತದೆ.

ಇಷ್ಟಾಗಿ ಮುಂದಿನ ಶನಿವಾರ 9 ಲಿಸ್ಟ್ ಹೆಚ್ಚುಕಡಿಮೆ ಒಟ್ಟಿಗೆ ಬಂದವು. 9 ವರ್ಕರ್ ಎದ್ದವು, ಕೋರ್ ಇರುವುದು ನಾಲ್ಕು. ಎಲ್ಲವೂ ಒಂದನ್ನೊಂದು ತಳ್ಳುತ್ತಾ, ಬಿಲ್ಲಿಂಗ್ ಕೂಡ ಆ ನೂಕುನುಗ್ಗಲಲ್ಲಿ ಸಿಕ್ಕಿ, ಮತ್ತೆ ಮಾವನ ಫೋನ್. ಗರಗಸ ನಾಲ್ಕು, ಆಳು ಒಂಬತ್ತು ಮಂದಿ ನಿಲ್ಲಿಸಿದರೆ ಇನ್ನೇನಾಗುತ್ತದೆ?

ಎರಡನೇ ರವಿವಾರ ಪೂಲ್ ಕಟ್ಟಲು ಕೂತೆ, ಅಂದರೆ ಕೆಲವೇ ವರ್ಕರ್‌ಗಳನ್ನು ಮೊದಲೇ ಎಬ್ಬಿಸಿಟ್ಟು ಅವರಿಗೇ ಕೆಲಸ ಹಂಚುವ ವ್ಯವಸ್ಥೆ. ರೆಡಿ ಲೈಬ್ರರಿಗಳಿವೆ. ಪಿಸ್ಕಿನಾ ಅಂತ ಒಂದಿದೆ, ಇಟಾಲಿಯನ್‌ನಲ್ಲಿ ಈಜುಕೊಳ ಅಂತ ಅರ್ಥ, ಪೂಲ್‌ಗೆ ಒಪ್ಪುವ ಹೆಸರು. ಹೊಸ ನೋಡ್ ಇರುವವರು ಅದನ್ನೇ ಹಾಕಿಕೊಳ್ಳಿ, ನನ್ನಂತೆ ಕೈ ಸುಟ್ಟುಕೊಳ್ಳಬೇಡಿ. ಈಗಿನ ಪಿಸ್ಕಿನಾ ನನ್ನ 13ರ ಮೇಲೆ ಓಡುವುದಿಲ್ಲ, ಹಾಗಾಗಿ ಸ್ವಂತದ್ದೇ ಬರೆದೆ. ಒಟ್ಟು 80 ಸಾಲು.

ಪ್ರೋಗ್ರಾಂ ಶುರುವಾದಾಗಲೇ 3 ವರ್ಕರ್ ಎಬ್ಬಿಸಿ ಇಡುತ್ತೇನೆ. ನಾಲ್ಕರಲ್ಲಿ ಒಂದು ಕೋರ್ ಬಿಲ್ಲಿಂಗ್‌ಗೆ. ಹೊಸ ನೋಡ್‌ನಲ್ಲಾದರೆ ಎಷ್ಟು ಕೆಲಸ ಒಟ್ಟಿಗೆ ನಡೆಯಬಹುದು ಅಂತ ಹೇಳುವ ಅವೈಲಬಲ್‌ಪ್ಯಾರಲಲಿಸಂ ಎಂಬ ಫಂಕ್ಷನ್ ಓಎಸ್ ಮಾಡ್ಯೂಲ್‌ನಲ್ಲಿದೆ. ಹಳೆಯದರಲ್ಲಿ ಸಿಪಿಯು ಲೆಕ್ಕವನ್ನೇ ಕೇಳಬೇಕು. ಬಂದ ಲಿಸ್ಟ್‌ಗೆ ಒಂದು ನಂಬರ್. ಕೈ ಖಾಲಿ ಇರುವ ವರ್ಕರ್ ಇದ್ದರೆ ಅವನಿಗೆ ಕೊಡು, ಇಲ್ಲದಿದ್ದರೆ ಪಾಳಿಗೆ ಹಚ್ಚು. ಉತ್ತರ ಬಂದಾಗ ನಂಬರ್ ನೋಡಿ ಆ ಪ್ರಾಮಿಸ್ (ಉತ್ತರ ಆಮೇಲೆ ಕೊಡುತ್ತೇನೆ ಅಂತ ಕೊಟ್ಟ ಚೀಟಿ) ಮುಗಿಸು, ಅದೇ ವರ್ಕರ್‌ಗೆ ಪಾಳಿಯಲ್ಲಿರುವ ಮುಂದಿನದನ್ನು ಕೊಡು. ಒಬ್ಬ ವರ್ಕರ್‌ಗೆ ಒಂದು ಹೊತ್ತಿಗೆ ಒಂದೇ ಕೆಲಸ. ಪೂಲ್ ಅಂದರೆ ಇಷ್ಟೇ, ಮಧ್ಯಾಹ್ನದೊಳಗೆ ಮುಗಿಯಿತು. ದುರ್ಗದಬೈಲಿಗೆ ಹೋಗಿ ಗಿರಮಿಟ್, ಮಿರ್ಚಿ ತಿಂದು ಬಂದೆ. ಗೆದ್ದೆ ಅಂದುಕೊಂಡಿದ್ದೆ.

ಸೋಮವಾರ ಸಂಜೆ ದೂರದಿಂದಲೇ ಲಾಗ್ ತರಿಸಿ ನೋಡಿದರೆ ಬೆಳಿಗ್ಗೆ 3 ಇದ್ದ ವರ್ಕರ್‌ಗಳು 7 ಆಗಿವೆ. ಯಾರೋ ಖಾಲಿ ಸಾಲು ಇರುವ ಲಿಸ್ಟ್ ಹಾಕಿದಾಗಲೆಲ್ಲ ವರ್ಕರ್ ಎರರ್ ಆಗಿ ಬಿದ್ದಿದೆ. ಬಿದ್ದವನ ಜಾಗಕ್ಕೆ ಹೊಸಬನನ್ನು ತರುವ ಕೋಡನ್ನು ನಾನು 'ಎರರ್' ಈವೆಂಟ್‌ನಲ್ಲೂ ಬರೆದಿದ್ದೆ, 'ಎಕ್ಸಿಟ್' ಈವೆಂಟ್‌ನಲ್ಲೂ ಬರೆದಿದ್ದೆ. ವರ್ಕರ್ ಒಳಗೆ ಹಿಡಿಯದ ಎರರ್ ಆದರೆ ಎರಡೂ ಬರುತ್ತವೆ, ಮೊದಲು ಎರರ್, ಹಿಂದೆಯೇ ಎಕ್ಸಿಟ್. ಒಬ್ಬ ಸತ್ತರೆ ಇಬ್ಬರು ಹುಟ್ಟುತ್ತಿದ್ದರು, ರಕ್ತಬೀಜಾಸುರನ ಕತೆ. ಈಗ ಎರರ್‌ನಲ್ಲಿ ಕಾರಣ ಬರೆದಿಟ್ಟುಕೊಳ್ಳುತ್ತೇನೆ ಅಷ್ಟೇ. ಕೆಲಸ ಕಳೆದುಕೊಂಡ ಲಿಸ್ಟ್‌ಗೆ 'ಆಗಲಿಲ್ಲ' ಅಂತ ಉತ್ತರ ಹೇಳುವುದು, ಹೊಸಬನನ್ನು ತರುವುದು ಎರಡೂ ಎಕ್ಸಿಟ್‌ನಲ್ಲಿ ಮಾತ್ರ. ವರ್ಕರ್ ಹೇಗೇ ಹೋಗಲಿ, ಆ ಬಾಗಿಲಿಂದಲೇ ಹೋಗಬೇಕು.

ಬೀಳುವ ವರ್ಕರ್‌ಗಿಂತ ಬೀಳದೇ ಇರುವ ವರ್ಕರ್ ಅಪಾಯ. ಬುಧವಾರ ಹುಡುಗ 1220 ಬದಲು 12200 ಅಂತ ಟೈಪ್ ಮಾಡಿದ. ಶೀಟಿಗಿಂತ ದೊಡ್ಡ ತುಂಡು. ನನ್ನ ಲೂಪ್ 'ಈ ಶೀಟಿಗೆ ಹಿಡಿಸಲಿಲ್ಲವಾ, ಹೊಸ ಶೀಟ್ ತಗೋ' ಅಂತ ತೆಗೆದುಕೊಳ್ಳುತ್ತಲೇ ಹೋಯಿತು, ಕೊನೆಯೇ ಇಲ್ಲ. ಎರರ್ ಇಲ್ಲ, ಎಕ್ಸಿಟ್ ಇಲ್ಲ. ಪೂಲ್ ಲೆಕ್ಕದಲ್ಲಿ ಅವನು ಕೆಲಸದಲ್ಲಿದ್ದಾನೆ. ಉತ್ತರ ಬರದ್ದಕ್ಕೆ ಹುಡುಗ ಮತ್ತೆರಡು ಸಲ ಒತ್ತಿದ. ಮೂವರೂ ವರ್ಕರ್ ಒಂದೇ ಲಿಸ್ಟ್ ಹಿಡಿದು ಗಾಣದ ಎತ್ತಿನಂತೆ ಸುತ್ತುತ್ತಿದ್ದಾರೆ, ಉಳಿದ ಲಿಸ್ಟ್‌ಗಳೆಲ್ಲ ಪಾಳಿಯಲ್ಲಿ. ಆದರೆ ಗಮನಿಸಿ: ಬಿಲ್ಲಿಂಗ್ ಮಾತ್ರ ಆರಾಮಾಗಿ ನಡೆದಿತ್ತು. ಮಾವ ಸಂಜೆವರೆಗೂ ಫೋನ್ ಮಾಡಿರಲಿಲ್ಲ.

ಇದಕ್ಕೆ ಮೂರು ಕಡೆ ರಿಪೇರಿ. ಟೈಪ್ ಮಾಡುವಾಗಲೇ ಶೀಟಿಗಿಂತ ದೊಡ್ಡ ಅಳತೆ ಬಂದರೆ ಕೆಂಪು. ಪ್ರತಿ ಕೆಲಸಕ್ಕೂ 60 ಸೆಕೆಂಡಿನ ಟೈಮರ್. ಮೀರಿದರೆ ಆ ವರ್ಕರ್ ಮೇಲೆ ಟರ್ಮಿನೇಟ್ ಕರೆಯುವುದು. ಟರ್ಮಿನೇಟ್ ಚೆಂದ ಏನಪ್ಪಾ ಅಂದರೆ ಒಳಗಿನ ಕೋಡ್ ಕೊನೆಯಿಲ್ಲದ ಲೂಪ್‌ನಲ್ಲಿದ್ದರೂ ಅದನ್ನು ನಿಲ್ಲಿಸುತ್ತದೆ, ಆಮೇಲೆ ಎಕ್ಸಿಟ್ ಬಂದೇ ಬರುತ್ತದೆ, ಮುಂದಿನದು ಆ ಬಾಗಿಲಿನ ಕೋಡ್ ನೋಡಿಕೊಳ್ಳುತ್ತದೆ. ಹಾಗೆ ಸಮಯ ಮೀರಿ ಸತ್ತ ಲಿಸ್ಟನ್ನು ತಾನಾಗಿ ಮತ್ತೆ ಪಾಳಿಗೆ ಹಚ್ಚುವುದಿಲ್ಲ. ಒಬ್ಬನನ್ನು ನುಂಗಿದ ಲಿಸ್ಟ್ ಇನ್ನೊಬ್ಬನನ್ನೂ ನುಂಗುತ್ತದೆ. ಮೂರನೆಯದು, ಅದೇ ಲಿಸ್ಟ್ ಈಗಾಗಲೇ ನಡೆಯುತ್ತಿದ್ದರೆ ಹೊಸ ಕೆಲಸ ಹುಟ್ಟಿಸದೆ ಹಳೇ ಪ್ರಾಮಿಸ್‌ಅನ್ನೇ ಕೊಡುವುದು. ಬಟನ್ ಎಷ್ಟು ಸಲ ಬೇಕಾದರೂ ಒತ್ತಲಿ.

ಮಧ್ಯೆ ಒಂದು ನಗೆಪಾಟಲು. ಡೇಟಾ ನಕಲು ಮಾಡದೆ ಕೈಗೇ ಕೊಟ್ಟುಬಿಡಬಹುದು ಅಂತ ಓದಿ, ಅಳತೆಗಳನ್ನು ಟೈಪ್ಡ್ ಅರೇಯಲ್ಲಿ ತುಂಬಿ ಟ್ರಾನ್ಸ್‌ಫರ್ ಮಾಡಿದೆ. ಕಳಿಸಿದ ಮೇಲೆ ಅದೇ ಅರೇ ಹಿಡಿದು, ಪ್ಲಾನ್ ಬರುವ ಮುನ್ನ ತೋರಿಸಲಿಕ್ಕೆ 'ಅಂದಾಜು ಬೇಕಾಗುವ ಶೀಟ್' ಲೆಕ್ಕ ಹಾಕುತ್ತಿದ್ದೆ. ಪರದೆ ಮೇಲೆ ಬಂದದ್ದು 0. "ಏನ್ ಅಳ್ಯಾ, ಪುಕ್ಕಟೆ ಕೊಡಾಕ ನಿಂತಿ ಏನು?" ಅಂದರು ಮಾವ. ಟ್ರಾನ್ಸ್‌ಫರ್ ಅಂದರೆ ನಿಜವಾಗಿಯೂ ಕೊಟ್ಟುಬಿಡುವುದು, ಕೊಟ್ಟವನ ಕೈಯಲ್ಲಿ ಆಮೇಲೆ ಖಾಲಿ ಅರೇ, ಉದ್ದ 0. ದೊಡ್ಡ ಫೋಟೋ, ಆಡಿಯೋ ಕಳಿಸುವವರಿಗೆ ಅದು ಬೇಕು. ನನ್ನದು 140 ತುಂಡು, ತುಂಡಿಗೆ 3 ಸಂಖ್ಯೆ, ಸಂಖ್ಯೆಗೆ 8 ಬೈಟ್, ಒಟ್ಟು 3360 ಬೈಟ್. ಇದಕ್ಕೆ ಆ ಜಾಣತನ ಯಾಕೆ ಬೇಕಿತ್ತು ನನಗೆ? ತೆಗೆದು ಹಾಕಿದೆ.

ಪಾಳಿಯ ವಿಚಾರದಲ್ಲಿ ಬುದ್ಧಿ ಹೇಳಿದ್ದು ಮಾವ. ಮೂರು ದೊಡ್ಡ ಲಿಸ್ಟ್ ನಡೆದಾಗ 5 ತುಂಡಿನವನೂ ಅವರ ಹಿಂದೆ ನಿಂತಿರುತ್ತಿದ್ದ. ನಾನು ಯಾವುದೋ ದೊಡ್ಡ ಶೆಡ್ಯೂಲಿಂಗ್ ಯೋಚನೆಯಲ್ಲಿದ್ದೆ. ಅವರು, "ಗೋಡೌನ್‌ನ್ಯಾಗ ಹೆಂಗ್ ಮಾಡ್ತೇವಿ ನೋಡಿಲ್ಲೇನು? ಎರಡ್ ತುಂಡ್ ಇದ್ದಾವನ್ನ ನಡುವ ಹಾದು ಕಳಿಸಿಬಿಡ್ತೇವಿ. ದೊಡ್ಡ ಕೆಲಸದಾವ ಹೆಂಗೂ ಚಾ ಕುಡೀಲಿಕ್ಕೆ ಹೋಗಿರ್ತಾನ" ಅಂದರು. ಹಾಗೇ ಮಾಡಿದೆ. ಮೂರರಲ್ಲಿ ಒಬ್ಬ ವರ್ಕರ್ 15 ತುಂಡಿಗಿಂತ ಚಿಕ್ಕ ಲಿಸ್ಟ್‌ಗಳಿಗೆ ಮಾತ್ರ ಮೀಸಲು. ದೊಡ್ಡವು ಎಷ್ಟೇ ಬರಲಿ, ಉಳಿದ ಇಬ್ಬರ ಹತ್ತಿರವೇ. ಪಾಳಿ 20 ದಾಟಿದರೆ 503 (ಈಗ ಆಗಲ್ಲ ಅನ್ನುವ ಸರ್ವರ್ ಸಂಕೇತ) ಕಳಿಸಿ 'ಸ್ವಲ್ಪ ತಡೆದು ಹಾಕಿ' ಅಂತ ತೋರಿಸುತ್ತದೆ. ಮಿತಿಯಿಲ್ಲದ ಪಾಳಿ ಇಟ್ಟರೆ ಸರ್ವರ್ ಇಲ್ಲ ಅನ್ನಲ್ಲ, ಉತ್ತರವನ್ನೂ ಕೊಡಲ್ಲ. ಅದಕ್ಕಿಂತ ಮುಖದ ಮೇಲೆ ಇಲ್ಲ ಅನ್ನುವುದು ವಾಸಿ.

ಒಂದು ಮಾತು ಹೇಳದಿದ್ದರೆ ಮೋಸವಾಗುತ್ತದೆ. ಪೂಲ್ ಹಾಕಿದ ಮೇಲೂ ಆ 140 ತುಂಡಿನ ಲಿಸ್ಟ್‌ಗೆ 38 ಸೆಕೆಂಡೇ ಬೇಕಾಯಿತು. ಪೂಲ್‌ನಿಂದ ಕೌಂಟರ್ ತೆರೆದಿತ್ತು, ಗರಗಸದ ವೇಗ ಬದಲಾಗಲಿಲ್ಲ. ವೇಗ ಬಂದದ್ದು ಬೇರೆ ಕಡೆಯಿಂದ. ಒಳ್ಳೆಯ ಪ್ಲಾನ್ ಯಾವ ಸೆಕೆಂಡಿಗೆ ಸಿಕ್ಕಿತು ಅಂತ ಬರೆಸಿ, ಹಳೇ ಲಿಸ್ಟ್‌ಗಳನ್ನೆಲ್ಲ ಮತ್ತೆ ಓಡಿಸಿ ನೋಡಿದೆ. ಬಹುಪಾಲು ಲಿಸ್ಟ್‌ಗಳಲ್ಲಿ 9 ಸೆಕೆಂಡ್ ಆದ ಮೇಲೆ ಏನೂ ಸುಧಾರಿಸಿರಲಿಲ್ಲ, ಉಳಿದ ಹೊತ್ತು ಸುಮ್ನೆ ಕರೆಂಟ್ ಖರ್ಚು. ಈಗ 20,000 ಪ್ರಯತ್ನದ ಬದಲು 10 ಸೆಕೆಂಡಿನ ಗಡುವು. ಈ ಐದು ಸಾಲಿನ ಕೆಲಸವನ್ನು ಮೊದಲು ಮಾಡಿದ್ದರೆ ಪೂಲ್ ತನಕ ಬರುತ್ತಿದ್ದೆನೋ ಇಲ್ಲವೋ. ಆದರೂ ಬಿಲ್ ಮಾಡಿಸಲು ನಿಂತವನಿಗೆ 10 ಸೆಕೆಂಡ್ ಖಾಲಿ ಕೌಂಟರ್ ಕಡಿಮೆಯೇನಲ್ಲ, ಅಲ್ವಾ?

ಆ ಲಿಸ್ಟ್‌ನ ಮೇಸ್ತ್ರಿ ಕೈಲೆಕ್ಕದಲ್ಲಿ 12 ಶೀಟ್ ಹೇಳಿದ್ದರು. ಪ್ರೋಗ್ರಾಂ 11ರಲ್ಲಿ ಮುಗಿಸಿತ್ತು. ಅವರು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ಒಂದು ಡ್ರಾಯರ್ ತಳದ ಗೆರೆ ಅಡ್ಡ ಬಂದಿದೆ ಅಂತ ತೋರಿಸಿದರು. ಹುಡುಗ ಆ ತುಂಡಿಗೆ 'ಗೆರೆ ಉದ್ದಕ್ಕೇ' ಅನ್ನುವ ಟಿಕ್ ಹಾಕುವುದು ಮರೆತಿದ್ದ. "ತಳ ಯಾರ್ ನೋಡ್ತಾರ, ನಡೀತದ" ಅಂತ ಅವರೇ ಒಪ್ಪಿದರು.

ಕಪ್ಪು ಪರದೆಯ ಗಡಿಯಾರವನ್ನು ಇನ್ನೂ ತೆಗೆದಿಲ್ಲ. ಮೂರು ವಾರದಿಂದ ಒಂದು ಸೆಕೆಂಡೂ ತಪ್ಪದೆ ಇಳಿಯುತ್ತಿದೆ, ಮೊನ್ನೆ ಗುರುವಾರ ಬಿಟ್ಟು. ಅವತ್ತು ಕರೆಂಟ್ ಹೋಯಿತು, ಯುಪಿಎಸ್ ಐದು ನಿಮಿಷಕ್ಕೆ ಕೈಕೊಟ್ಟಿತು. ಪಾಳಿ ಇರುವುದು ಬರೀ ಮೆಮೊರಿಯಲ್ಲಿ, ಅದರಲ್ಲಿದ್ದ ನಾಲ್ಕು ಲಿಸ್ಟ್ ಹೋದವು, ಹುಡುಗ ಗೊಣಗುತ್ತಾ ಮತ್ತೆ ಟೈಪ್ ಮಾಡಿದ. ಪಾಳಿಯನ್ನು ಫೈಲ್‌ಗೆ ಬರೆದಿಡಬೇಕು. ಬರುವ ರವಿವಾರ.